ಬರೀ ನೋಡುವವರು

‘ನಾವು ಬರೀ ನೋಡುತ್ತೇವೆ, ಏನನ್ನೂ ಮುಟ್ಟುವುದಿಲ್ಲ.’ ಕರ್ನಲ್‌ಗೆ, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ, ಪ್ರೋಬ್ ಹಾಕುವವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಬೆಂಗಳೂರಿನ ಕೆಲಸವನ್ನು ಕಂಪ್ಲಿಯ ಮನೆಯಲ್ಲಿ ಕೂತು ಮಾಡುವ ನಾನೂ ಪ್ರೋಬ್ ಹಾಕುವವನೇ. ಲಿನಕ್ಸ್‌ನ ಕೆಪ್ರೋಬ್ ಮಾಡುವುದೇನು? ಓಡುತ್ತಿರುವ ಕರ್ನಲ್‌ನಲ್ಲಿ ನಾವು ತೋರಿಸಿದ ಜಾಗದ ಆದೇಶವನ್ನು ಬೇರೆಡೆ ನಕಲು ಮಾಡಿಟ್ಟುಕೊಂಡು, ಮೂಲದ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಕೂರಿಸುತ್ತದೆ. ಪ್ರೊಸೆಸರ್ ಅಲ್ಲಿಗೆ ಬಂದು ನಿಂತಾಗ ನಾವು ಕೊಟ್ಟ ಕೋಡು, ಅಂದರೆ ಕಾಲ್‌ಬ್ಯಾಕ್, ಓಡುತ್ತದೆ. ಆಮೇಲೆ ಆ ನಕಲು ಆದೇಶವನ್ನು ನಡೆಸಿ, ಹಿಡಿದಿದ್ದ ದಾರಿಗೆ ಪ್ರೊಸೆಸರನ್ನು ಮತ್ತೆ ಬಿಡುತ್ತದೆ. 2004ರಲ್ಲಿ ಲಿನಕ್ಸ್ 2.6.9ಕ್ಕೆ ಸೇರಿದ ಈ ವ್ಯವಸ್ಥೆಯ ಹಿಂದೆ ಐಬಿಎಂನ ಭಾರತದ ತಂಡದ ವಂಶಿಕೃಷ್ಣ, ಪ್ರಸನ್ನ ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ ಅವರ ದುಡಿಮೆಯಿದೆ. ಅದ್ಭುತ ಕೆಲಸ. ಆದರೆ ಇದು ಮುಟ್ಟದೆ ನೋಡುವ ಕೆಲಸವಂತೂ ಅಲ್ಲ.

ಅದ್ವೈತದ ಸಾಕ್ಷಿಯನ್ನೋ ಕ್ವಾಂಟಂ ವೀಕ್ಷಕನನ್ನೋ ಇಲ್ಲಿಗೆ ಎಳೆದು ತರುವವರಿದ್ದಾರೆ. ಸಾಕ್ಷಿಗೆ ಖರ್ಚಿಲ್ಲ, ಪ್ರೋಬ್‌ಗೆ ಪ್ರೊಸೆಸರ್‌ನ ಹೊತ್ತು ಬೇಕು. ಅವರ ಜೊತೆ ನನಗೆ ಜಗಳವಿಲ್ಲ.

ನನ್ನ ಜಗಳ ಬ್ರಯಾನ್ ಕ್ಯಾಂಟ್ರಿಲ್, ಮೈಕೆಲ್ ಶಪಿರೋ, ಆಡಮ್ ಲೆವೆಂಥಾಲ್ ಜೊತೆ. ಸನ್ ಕಂಪನಿಯಲ್ಲಿ ಡಿಟ್ರೇಸ್ ಎಂಬ ಪ್ರೋಬ್ ಸಾಧನವನ್ನು ಕಟ್ಟಿದ ಇವರು 2004ರ ಪ್ರಬಂಧದಲ್ಲಿ ಗಟ್ಟಿಯಾದ ವಾದವನ್ನೇ ಇಟ್ಟರು: ಹಚ್ಚದಿರುವ ಪ್ರೋಬ್‌ಗೆ ಏನೂ ಖರ್ಚಿರಬಾರದು, ಹಚ್ಚಿದ ಪ್ರೋಬ್‌ನಿಂದ ಯಂತ್ರ ಎಂದೂ ಬೀಳಬಾರದು. ಮೊದಲನೆಯದು ಸರಿ. ಎರಡನೆಯದನ್ನು ಒಪ್ಪಿದರೂ ನನ್ನ ಆಕ್ಷೇಪ ಉಳಿಯುತ್ತದೆ. ಎರಡು ಥ್ರೆಡ್‌ಗಳು ಒಂದೇ ಕ್ಷಣಕ್ಕೆ ಡಿಕ್ಕಿಯಾಗಿ ಹುಟ್ಟುವ ದೋಷವೊಂದನ್ನು ಹಿಡಿಯಲು ನಾನು ಪ್ರೋಬ್ ಹಾಕಿದ್ದುಂಟು. ಹಾಕಿದ ಕೂಡಲೇ ದೋಷ ಮಾಯವಾಯಿತು, ತೆಗೆದರೆ ಮತ್ತೆ ಹಾಜರು. ಯಂತ್ರ ಬೀಳಲಿಲ್ಲ ನಿಜ, ಆದರೆ ನಾನು ನೋಡಿದ್ದು ಬೇರೆಯೇ ಯಂತ್ರವನ್ನು. ನಮ್ಮ ಗದ್ದೆಯ ಕಾಲುವೆಯಲ್ಲಿ ಹರಿವನ್ನು ಅಳೆಯಲು ಅಡ್ಡಲಾಗಿ ಸಣ್ಣ ಕಟ್ಟೆ ಕಟ್ಟಿದರೆ ಅದರ ಹಿಂದೆ ನೀರು ಒಂದಿಷ್ಟು ಏರಿ, ಮೇಲಿನ ತೂಬಿಗೆ ಹೆಚ್ಚು ನುಗ್ಗುತ್ತದೆ. ಅಳತೆ ಸರಿಯಾಗಿಯೇ ಸಿಗುತ್ತದೆ, ಕಟ್ಟೆ ಇರುವ ಕಾಲುವೆಯದ್ದು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಭದ್ರತಾ ತಂತ್ರಾಂಶ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತಲ್ಲ, ಅದಕ್ಕೆ ಕಾರಣ ಕರ್ನಲ್‌ನೊಳಗೆ ಏನನ್ನೋ ತಪ್ಪಾಗಿ ಬರೆದದ್ದಲ್ಲ. ಮೆಮೊರಿಯಲ್ಲಿ ತನ್ನ ಎಲ್ಲೆ ದಾಟಿ ಓದಿದ್ದು, ಅಂದರೆ ಬರೀ ನೋಡಿದ್ದು. ಇದಕ್ಕಿಂತ ದೊಡ್ಡ ಪುರಾವೆ ನನ್ನ ವಾದಕ್ಕೆ ಬೇಡ ಎಂದುಕೊಂಡಿದ್ದೆ.

ಆದರೆ ನ್ಯಾಯವಾಗಿ ನೋಡಿದರೆ ಈ ಘಟನೆ ಕ್ಯಾಂಟ್ರಿಲ್ ಕಡೆಗೇ ವಾಲುತ್ತದೆ. ಡಿಟ್ರೇಸ್‌ನ ಭಾಷೆಯಲ್ಲಿ ಲೂಪ್ ಇಲ್ಲ. ಸಲ್ಲದ ವಿಳಾಸ ಓದಲು ಹೋದರೆ ದೋಷ ವರದಿಯಾಗುತ್ತದೆ, ಕರ್ನಲ್ ನಿಂತೇ ಇರುತ್ತದೆ. ಇಂದು ಲಿನಕ್ಸ್ ಕರ್ನಲ್‌ನೊಳಗೆ ನಮ್ಮ ಪ್ರೋಗ್ರಾಂ ಓಡಿಸುವ ಇಬಿಪಿಎಫ್‌ನಲ್ಲೂ ಒಳಗೆ ಬಿಡುವ ಮೊದಲೇ ಪ್ರತಿ ಪ್ರೋಗ್ರಾಂ ಪರೀಕ್ಷೆಗೆ ಒಳಗಾಗುತ್ತದೆ. ವ್ಯವಸ್ಥೆಯನ್ನು ಬದಲಿಸುವ ಕ್ರಿಯೆಗಳಿಗೆ ಡಿಟ್ರೇಸ್ ಪ್ರತ್ಯೇಕ ಅನುಮತಿ ಕೇಳುತ್ತದೆ. ಎಂದರೆ ನೋಟಕ್ಕೂ ಕೃತ್ಯಕ್ಕೂ ನಡುವೆ ಗೆರೆ ಎಳೆಯಬಹುದು, ಆ ಗೆರೆಯನ್ನು ಯಂತ್ರವೇ ಕಾಯಬಹುದು. ಎಲ್ಲ ನೋಟವೂ ಕೈಹಾಕುವುದೇ ಎಂಬ ನನ್ನ ಮಾತನ್ನು ಇಷ್ಟರಮಟ್ಟಿಗೆ ಹಿಂದಕ್ಕೆ ತೆಗೆದುಕೊಳ್ಳಲೇಬೇಕು.

ಆದರೂ ಗೆರೆ ಕಾಯುವ ಇಬಿಪಿಎಫ್‌ನ ಪರೀಕ್ಷಕನಲ್ಲೇ ಲೋಪಗಳು ಸಿಕ್ಕಿವೆ. ಇನ್ನೊಂದು, ಕೆಪ್ರೋಬ್ ತನ್ನನ್ನು ನಡೆಸುವ ಕೋಡಿನ ಮೇಲೆಯೇ ಪ್ರೋಬ್ ಹಾಕಲು ಬಿಡುವುದಿಲ್ಲ. ಬಿಟ್ಟರೆ ಬ್ರೇಕ್‌ಪಾಯಿಂಟ್ ನಿಭಾಯಿಸುವಾಗಲೇ ಇನ್ನೊಂದು ಬ್ರೇಕ್‌ಪಾಯಿಂಟ್, ಅದಕ್ಕೆ ಮತ್ತೊಂದು, ಹೀಗೆ ಕೊನೆಯೇ ಇರುವುದಿಲ್ಲ. ನೋಡುವವನನ್ನು ನೋಡದೆ ನಂಬಬೇಕಾದ ಜಾಗ ಎಲ್ಲೋ ಉಳಿದೇ ಉಳಿಯುತ್ತದೆ.

ಇನ್ನೂ ಕಷ್ಟದ ಸಂಗತಿ ಬೇರೆ ಇದೆ. ವಿಂಡೋಸ್‌ನಲ್ಲಿ ಹೊಸ ಪ್ರೋಗ್ರಾಂ ಶುರುವಾಗುವ ಸುದ್ದಿ ಪಡೆಯುವ ಕಾಲ್‌ಬ್ಯಾಕ್‌ಗೆ ಅದನ್ನು ತಡೆಯುವ ಅಧಿಕಾರವೂ ಇದೆ. ಲಿನಕ್ಸ್‌ನಲ್ಲಿ 2020ರಿಂದ ಇಬಿಪಿಎಫ್ ಪ್ರೋಗ್ರಾಂಗಳು ಭದ್ರತಾ ಹುಕ್‌ಗಳಲ್ಲಿ ಕೂತು ‘ಆಗದು’ ಎನ್ನಬಲ್ಲವು. ಬರೀ ನೋಡುತ್ತೇವೆ ಎಂದವರ ಮೇಲೆ ಸಿಟ್ಟಾಗಿದ್ದ ನಾನು ಇಲ್ಲಿ ತಡೆಯುವವರ ಪರ. ಬ್ಯಾಂಕಿನ ಸರ್ವರ್ ಒಳಗೆ ಕಳ್ಳ ಪ್ರೋಗ್ರಾಂ ಹೆಜ್ಜೆಯಿಡುವುದನ್ನು ಕಂಡೂ ದಾಖಲಿಸಿಕೊಂಡು ಸುಮ್ಮನಿರುವ ಪ್ರೋಬ್ ನನಗೆ ಬೇಡ. ಹಾಗಾದರೆ ನಾನು ಬೇಡಿದ ಪ್ರಾಮಾಣಿಕತೆ ಯಾವುದು? ಮುಟ್ಟುತ್ತೇವೆಂದು ಒಪ್ಪಿಕೊಳ್ಳುವುದೋ, ಮುಟ್ಟದಿರುವುದೋ? ಮೊದಲನೆಯದು ಎಂದು ಸದ್ಯಕ್ಕೆ ಹೇಳುತ್ತೇನೆ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಆ ಅಧಿಕಾರ ಯಾರ ಕೈಗೆ ಎಂಬುದು ತೀರ್ಮಾನವಾಗುವುದಿಲ್ಲ, ಮತ್ತು ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.