ಊರ ಹೆಸರೂ ನಾಲಗೆಯ ಧರ್ಮವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಬಸ್ಸು ನಿಲ್ದಾಣದ ಕಟ್ಟೆಯ ಮೇಲೆ ಕುಳಿತವರೂ ಮಠದ ಜಗಲಿಯ ಮೇಲೆ ಕುಳಿತವರೂ ಸಮಾನವಾದ ಆವೇಶದಿಂದ ನಡೆಸಬಲ್ಲ ವಾದವೊಂದುಂಟು. ಅದು ಊರ ಹೆಸರನ್ನು ಉಚ್ಚರಿಸುವ ಬಗೆಯನ್ನು ಕುರಿತದ್ದು. ಒಬ್ಬನು ಉಜ್ಜಿನಿ ಎಂದರೆ ಮತ್ತೊಬ್ಬನು ಉಜ್ಜಯಿನಿ ಎಂದು ತಿದ್ದುವನು. ತಾಯಿ ಉಚ್ಚಂಗೆಮ್ಮನಿಗೆ ಹರಕೆ ಹೊತ್ತರೆ ಓದಿದ ಮಗನು ಉತ್ಸವಾಂಬೆಯೆನ್ನಬೇಕೆಂದು ಬುದ್ಧಿ ಹೇಳುವನು. ಪರಸ್ಥಳದಿಂದ ಬಂದ ಅಧಿಕಾರಿ ಕುಡ್ಲಿಗಿ ಎಂದು ಹ್ರಸ್ವವಾಗಿ ನುಡಿದೊಡನೆ ಕಚೇರಿಯ ಗುಮಾಸ್ತರೆಲ್ಲರೂ ಮುಸಿಮುಸಿ ನಗುವರು. ಇದನ್ನು ಕಾಲಹರಣದ ಹರಟೆಯೆಂದು ತಳ್ಳಿಹಾಕಬಹುದಾಗಿತ್ತು, ಅದರ ಒಡಲಲ್ಲಿ ನಮ್ಮ ವೈಯಾಕರಣರೂ ಮೀಮಾಂಸಕರೂ ಶತಮಾನಗಳ ಕಾಲ ತಲೆಕೆಡಿಸಿಕೊಂಡ ಪ್ರಶ್ನೆ ಅಡಗಿಲ್ಲದಿದ್ದರೆ. ಶಬ್ದಕ್ಕೆ ಸಾಧುತ್ವವೆಂಬುದು ಬರುವುದು ಅದರ ಮೂಲದಿಂದಲೋ, ಶಾಸ್ತ್ರದ ಅಪ್ಪಣೆಯಿಂದಲೋ, ಅದನ್ನು ನಿತ್ಯವೂ ನುಡಿಯುವವರ ಬಾಯಿಂದಲೋ? ದೇವರು ನೆಲೆಸಿದ ಊರಿನ ಹೆಸರನ್ನು ಒಡೆದ ನಾಲಗೆಯಲ್ಲಿ ನುಡಿದವನ ಭಕ್ತಿಗೆ ಅದರಿಂದ ಕುಂದುಂಟೋ?

ಉಜ್ಜಿನಿಯ ಪ್ರಕರಣವೇ ಇವುಗಳಲ್ಲಿ ಅತ್ಯಂತ ಸ್ವಾರಸ್ಯವಾದುದು. ಹಿಂದೆ ಕೂಡ್ಲಿಗಿ ತಾಲ್ಲೂಕಿಗೂ ಈಗ ಕೊಟ್ಟೂರು ತಾಲ್ಲೂಕಿಗೂ ಸೇರಿದ ಈ ಗ್ರಾಮವು ರಂಭಾಪುರಿ, ಕೇದಾರ, ಶ್ರೀಶೈಲ, ಕಾಶಿಗಳೊಡನೆ ವೀರಶೈವ ಪಂಚಪೀಠಗಳಲ್ಲಿ ಒಂದರ ನೆಲೆ. ಪೀಠದ ಪರಂಪರೆ ತನ್ನ ಮೂಲವನ್ನು ಮಾಳವದೇಶದ ಉಜ್ಜಯಿನಿಯಲ್ಲಿ ಕಾಣುತ್ತದೆ. ಆದುದರಿಂದ ಪೀಠದ ಬಿರುದಾವಳಿಗಳಲ್ಲಿಯೂ ಆಹ್ವಾನಪತ್ರಿಕೆಗಳಲ್ಲಿಯೂ ಯಕಾರಸಹಿತವಾದ ಉಜ್ಜಯಿನಿಯೇ ವಿರಾಜಿಸುತ್ತದೆ. ಊರವರಿಗೋ ಅದು ಉಜ್ಜಿನಿ. ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂದು ಅಲ್ಲಿಯ ಮರುಳಸಿದ್ಧೇಶ್ವರ ದೇವಾಲಯದ ಒಳಗೆಲಸವನ್ನು ಹೊಗಳುವ ನಾಣ್ಣುಡಿಯಲ್ಲಿ ಉಜ್ಜಯಿನಿ ಎಂದು ಸೇರಿಸಿ ನೋಡಿರಿ, ಮಾತಿನ ನಡಿಗೆಯೇ ಕುಂಟುತ್ತದೆ. ಜರಿಮಲೆಯ ಪಾಳೆಯಗಾರರ ಮನೆತನದಿಂದ ಬಂದ ಎಣ್ಣೆಯನ್ನು ಗುಡಿಯ ಶಿಖರದ ಮೇಲೆ ಎರೆಯುವ ತೈಲಾಭಿಷೇಕದ ದಿನ ಸೇರುವ ಸಹಸ್ರಾರು ಜನರಲ್ಲಿ, ತಾನು ಉಜ್ಜಯಿನಿಗೆ ಹೊರಟೆನೆಂದು ಹೇಳಿ ಮನೆ ಬಿಟ್ಟವರು ಬಹಳವಿರಲಾರರು. ಹಾಗೆಂದು ಪೀಠದ ಪಾಠವು ಕೃತ್ರಿಮವೆಂದು ಹಳಿಯುವುದೂ ಅವಿವೇಕ. ಒಂದು ಹೆಸರಿನಲ್ಲಿ ಪರಂಪರೆಯ ಸ್ಮೃತಿಯಿದೆ, ಇನ್ನೊಂದರಲ್ಲಿ ವಾಸದ ಸಲಿಗೆಯಿದೆ.

ಈ ದ್ವೈತವನ್ನು ನಿಭಾಯಿಸುವ ಬಗೆಯನ್ನು ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿಯೇ ಕಥಾರೂಪದಿಂದ ಸೂಚಿಸಿದ್ದಾನೆ. ಶತ್ರುಗಳನ್ನು ಕೂಗಿ ಕರೆಯುವಾಗ ರೇಫದ ಸ್ಥಾನದಲ್ಲಿ ಲಕಾರವನ್ನು ನುಡಿದು ಅಸುರರು ಪರಾಭವಗೊಂಡರೆಂಬ ಕಥೆ ಎಲ್ಲರಿಗೂ ಗೊತ್ತು. ತಪ್ಪು ಉಚ್ಚಾರದವರನ್ನು ಹೆದರಿಸುವ ಪಂಡಿತರು ಅದನ್ನೇ ಎತ್ತಿ ಆಡುವರು. ಆದರೆ ಅದೇ ಪ್ರಕರಣದಲ್ಲಿ, ಹೆಚ್ಚು ಜನ ನೆನೆಯದ ಋಷಿಗಳ ಕಥೆಯೊಂದಿದೆ. ಅವರು ಧರ್ಮವನ್ನು ಪ್ರತ್ಯಕ್ಷವಾಗಿ ಕಂಡವರು, ತಿಳಿಯಬೇಕಾದುದನ್ನೆಲ್ಲ ತಿಳಿದವರು. ಆದರೂ 'ಯದ್ವಾ ನಃ, ತದ್ವಾ ನಃ' ಎಂದು ನುಡಿಯಬೇಕಾದೆಡೆಯಲ್ಲಿ ಮನೆಮಾತಿನ ರೂಢಿಯಿಂದ 'ಯರ್ವಾಣ, ತರ್ವಾಣ' ಎನ್ನುತ್ತಿದ್ದರು. ಆ ಅಪಭ್ರಂಶವೇ ಅವರ ಹೆಸರಾಗಿ ನಿಂತಿತು. ಅವರಿಗೆ ದೋಷವೇನೂ ತಟ್ಟಲಿಲ್ಲ. ಏಕೆಂದರೆ ಯಜ್ಞಕರ್ಮದಲ್ಲಿ ಕುಳಿತಾಗ ಅವರು ಹಾಗೆ ನುಡಿಯುತ್ತಿರಲಿಲ್ಲ, ಅಸುರರಾದರೋ ಯಜ್ಞದಲ್ಲಿಯೇ ತಪ್ಪಿ ನುಡಿದು ಕೆಟ್ಟರು. ಶಬ್ದಶುದ್ಧಿಯನ್ನು ಪ್ರಾಣದಂತೆ ಕಾಯ್ದ ಶಾಸ್ತ್ರದ ಹೊಸ್ತಿಲಲ್ಲಿಯೇ ಇಂಥ ಉದಾರವಾದ ಕಥೆಯಿರುವುದನ್ನು ನಮ್ಮಲ್ಲಿ ಅನೇಕರು ಗಮನಿಸಿಲ್ಲ. ನಿಯಮವು ಕರ್ಮಕ್ಕೆ ಸಂಬಂಧಿಸಿದ್ದು. ಜಗಲಿಯ ಮಾತಿಗೂ ಸಂತೆಯ ಮಾತಿಗೂ ಅದು ಕಾವಲುಗಾರನಲ್ಲ. ಪೀಠಾರೋಹಣದ ಸಂಕಲ್ಪದಲ್ಲಿ ಉಜ್ಜಯಿನಿ ಎಂದವನೂ ಬಸ್ಸು ಹತ್ತುವಾಗ ಉಜ್ಜಿನಿ ಎಂದವನೂ ಒಬ್ಬನೇ ಆಗಿದ್ದರೆ ಅವನು ಯರ್ವಾಣ ಋಷಿಗಳ ಗೋತ್ರದವನು.

ಇನ್ನು ಮೂಲವನ್ನು ಹಿಡಿದು ವಾದಿಸುವವರ ಮಾತು. ಮೂಲವೆಂಬುದು ಎಲ್ಲಿ ನಿಲ್ಲುತ್ತದೆ? ನಮ್ಮ ಪ್ರಾಂತದ ಹಳ್ಳಿಗಳಲ್ಲಿ ಪದಾದಿಯ ಹಕಾರವು ನಾಲಗೆಯಿಂದ ಜಾರಿ ಹೋಗುವುದು ಸಾಮಾನ್ಯ. ಹಡಗಲಿ ಅಡಗ್ಲಿಯಾಗುವುದು, ಹರಪನಹಳ್ಳಿ ಅರಪನಳ್ಳಿಯಾಗುವುದು. ಈ ಒಂದು ಅಕ್ಷರಕ್ಕಾಗಿ ಶಾಲೆಯಲ್ಲಿ ಎಷ್ಟು ಮಕ್ಕಳ ಕಿವಿ ಕೆಂಪಾಗಿದೆಯೋ! ಆದರೆ ಆ ಹಕಾರದ ವಂಶಾವಳಿಯನ್ನು ವಿಚಾರಿಸಿದರೆ ಅದೂ ಕುಲೀನವಲ್ಲ. ಹಳಗನ್ನಡದಲ್ಲಿ ಅದು ಪಕಾರವಾಗಿತ್ತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಪಂಪಾಕ್ಷೇತ್ರವು ಹಂಪೆಯಾದುದು ಇದೇ ದಾರಿಯಲ್ಲಿ. ಮೊದಲಬಾರಿಗೆ ಪಕಾರವನ್ನು ಸಡಿಲಿಸಿ ಹಕಾರವನ್ನು ನುಡಿದ ಒಕ್ಕಲಿಗನೋ ಕುರುಬನೋ ಅಂದಿನ ಪಂಡಿತನ ಕಿವಿಗೆ ಎಷ್ಟು ಅಸಹ್ಯವಾಗಿ ಕೇಳಿಸಿದ್ದಿರಬೇಕು! ಇಂದು ಅದೇ ಹಕಾರವನ್ನು ಬಿಟ್ಟವನು ಅಶಿಕ್ಷಿತನೆನಿಸುತ್ತಾನೆ. ಹಂಪೆಯ ಕಥೆ ಅಲ್ಲಿಗೂ ಮುಗಿಯಲಿಲ್ಲ. ಕಡೆಯ ಎಕಾರವನ್ನು ಇಕಾರವಾಗಿ ನುಡಿಯುವುದು ಬಡಗಣ ಸೀಮೆಯ ಗುಣ. ಮನೆ ಮನಿಯಾಗುವಂತೆ, ಕೆರೆ ಕೆರಿಯಾಗುವಂತೆ ಹಂಪೆ ಹಂಪಿಯಾಯಿತು. 1986ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಆ ಹಂಪಿಯನ್ನೇ. ಸೋಜಿಗವೆಂದರೆ ಹಳೆಯದಾವುದೂ ಸಾಯಲಿಲ್ಲ. ವಿರೂಪಾಕ್ಷನು ಇಂದಿಗೂ ಪಂಪಾಪತಿ. ಪಂಪಾಪತಿಯೆಂಬ ಹೆಸರಿನ ಅಣ್ಣನೂ ಹಂಪಮ್ಮನೆಂಬ ತಂಗಿಯೂ ಒಂದೇ ಮನೆಯಲ್ಲಿ ಒಂದೇ ತಾಯಿಯ ಕೈತುತ್ತು ಉಂಡು ಬೆಳೆಯುತ್ತಾರೆ, ಅವರಲ್ಲಿ ಯಾರ ಹೆಸರು ಶುದ್ಧವೆಂದು ಆ ತಾಯಿ ಎಂದೂ ಕೇಳಿಕೊಂಡವಳಲ್ಲ.

ಊರ ಹೆಸರಿಗೆ ಅರ್ಥವನ್ನು ಕಲ್ಪಿಸಿ, ಆ ಅರ್ಥಕ್ಕೆ ತಕ್ಕಂತೆ ಉಚ್ಚಾರವನ್ನು ಬಾಗಿಸುವುದು ಇನ್ನೊಂದು ಬಗೆ. ವಿಜಯನಗರದ ಅರಸರ ಪೂಜೆಗೆ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂವು ಸಾಗುತ್ತಿದ್ದುದರಿಂದ ಹೂವಿನಹಡಗಲಿಯಾಯಿತೆಂದು ಹೇಳುವರು. ಹಡಗಲಿಯ ಮಲ್ಲಿಗೆಯ ಕಂಪನ್ನು ಬಲ್ಲವರಿಗೆ ಅದನ್ನು ನಂಬದಿರುವುದು ಕಷ್ಟ. ಹಗರಿಯನ್ನು ಅಘಹರಿ, ಪಾಪನಾಶಿನಿ, ಎಂದು ಬಿಡಿಸುವವರುಂಟು. ಅದು ವೇದಾವತಿಯೆಂಬ ದೊಡ್ಡ ಹಗರಿಗೆ ಸಂದ ಮಾತಾದರೂ ಬೊಮ್ಮನಹಳ್ಳಿಯ ಬದಿಯ ಚಿಕ್ಕಹಗರಿಗೂ ಪುಣ್ಯದಲ್ಲಿ ಪಾಲು ದೊರೆಯುತ್ತದೆ. ಹರಪನಹಳ್ಳಿಯಲ್ಲಿ ಹರನನ್ನು ಕಂಡು ಪಕಾರಕ್ಕೆ ಒತ್ತು ಕೊಟ್ಟು ಬರೆಯುವವರೂ ಇದ್ದಾರೆ. ಇಂಥ ನಿರುಕ್ತಿಗಳನ್ನು ಚರಿತ್ರೆಯೆಂದು ನಾನು ಒಪ್ಪಲಾರೆ. ಹಾಗೆಂದು ಗೇಲಿ ಮಾಡಲೂ ಮನಸ್ಸು ಬಾರದು. ತಾನು ವಾಸಿಸುವ ನೆಲವು ಅರ್ಥಹೀನವಾಗಿರಬಾರದೆಂಬ ಹಂಬಲವೇ ಸ್ಥಳಪುರಾಣದ ಬೀಜ, ಮತ್ತು ಅದು ಧಾರ್ಮಿಕವಾದ ಹಂಬಲ.

ಸರ್ಕಾರದ ಪಾತ್ರವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಮದರಾಸಿನವರು 1904ರ ಬಳ್ಳಾರಿ ಜಿಲ್ಲೆಯ ಗ್ಯಾಸೆಟಿಯರಿನಲ್ಲಿ ಹಡಗಲಿಯ ಲಕಾರಕ್ಕೆ ದ್ವಿತ್ವ ಕೊಟ್ಟು ಅದನ್ನೊಂದು ಹಳ್ಳಿಯನ್ನಾಗಿಸಿದರು, ಹರಪನಹಳ್ಳಿಯಿಂದ ಒಂದು ಅಕಾರವನ್ನು ನುಂಗಿದರು. 1953ರಲ್ಲಿ ಜಿಲ್ಲೆ ಮೈಸೂರಿಗೆ ಸೇರಿತು. 2014ರ ನವೆಂಬರಿನಲ್ಲಿ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತವನ್ನು ತಿದ್ದಿದಾಗ ಬಳ್ಳಾರಿ ಹೊಸಪೇಟೆಗಳು ತಮ್ಮ ದನಿಯನ್ನು ಮರಳಿ ಪಡೆದುವು. ಆದರೆ ಇಂಗ್ಲಿಷ್ ಲಿಪಿಯಲ್ಲಿ ಕೂಡ್ಲಿಗಿಯ ದೀರ್ಘಕ್ಕೆ ಇನ್ನೂ ಠಾವಿಲ್ಲ.

ಕೊಟ್ಟೂರಿನ ಕಡೆಗೆ ತಿರುಗೋಣ. ಅಲ್ಲಿ ಈ ಪ್ರಶ್ನೆಗೆ ಭಕ್ತರು ತಾವೇ ಉತ್ತರ ಕೊಟ್ಟುಬಿಟ್ಟಿದ್ದಾರೆ. ಗುರು ಬಸವೇಶ್ವರನಿಗಾಗಿ ಬಿಟ್ಟು ಕೊಟ್ಟ ಊರೇ ಕೊಟ್ಟೂರು ಎಂಬುದು ಅಲ್ಲಿಯ ಐತಿಹ್ಯ. ಊರಿನಿಂದ ದೇವರಿಗೆ ಹೆಸರು ಬಂದು ಅವನು ಕೊಟ್ಟೂರೇಶ್ವರನಾದನು. ದೇವರಿಂದ ಮನುಷ್ಯರಿಗೆ ಇಳಿಯುವಾಗ ಆ ಹೆಸರು ಸವೆದು ಕೊಟ್ರೇಶನಾಯಿತು, ಕೊಟ್ರಪ್ಪನಾಯಿತು, ಕೊಟ್ರಬಸಪ್ಪ ಕೊಟ್ರಮ್ಮರಾಯಿತು. ಈ ಐದು ತಾಲ್ಲೂಕುಗಳ ಯಾವ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಈ ಸವೆದ ಹೆಸರುಗಳು ಕಣ್ಣಿಗೆ ಬೀಳುವುವು. ವ್ಯಾಕರಣದ ದೃಷ್ಟಿಯಿಂದ ಊರಿನ ಊಕಾರವೇ ಇಲ್ಲಿ ಬಿದ್ದುಹೋಗಿದೆ. ಕೊಟ್ರೇಶನೆಂಬುದಕ್ಕೆ ಬಿಡಿಸಿ ಹೇಳುವಂಥ ಅರ್ಥವೂ ಉಳಿದಿಲ್ಲ. ಆದರೂ ತೊಟ್ಟಿಲಲ್ಲಿ ಆ ಹೆಸರನ್ನಿಟ್ಟ ಅಜ್ಜಿಗೆ ಅದು ದೇವರ ಹೆಸರೇ. ಭರ್ತೃಹರಿಯು ವಾಕ್ಯಪದೀಯದಲ್ಲಿ ಇಂಥ ಸಂದರ್ಭವನ್ನು ಎರಡು ಬಗೆಯಿಂದ ವಿವೇಚಿಸಿದ್ದಾನೆ. ತೊದಲುವ ಮಗುವಿನ ಮಾತಿನಿಂದ ಹಿರಿಯರು ಸರಿಯಾದ ಶಬ್ದವನ್ನು ಊಹಿಸಿಕೊಳ್ಳುವಂತೆ ಅಪಭ್ರಂಶವು ಸಾಧುಶಬ್ದವನ್ನು ನೆನಪಿಗೆ ತಂದು ಆ ಮೂಲಕ ಅರ್ಥವನ್ನು ಕೊಡುತ್ತದೆಂಬುದು ಒಂದು ಪಕ್ಷ. ಪರಂಪರೆಯಿಂದ ಅಪಭ್ರಂಶವೇ ಪ್ರಸಿದ್ಧವಾಗಿಬಿಟ್ಟಲ್ಲಿ, ಅದನ್ನು ನುಡಿಯುವವರ ಪಾಲಿಗೆ ಸಾಧುಶಬ್ದವೇ ಅವಾಚಕವಾಗುವುದೆಂಬುದು ಅವನು ಎತ್ತಿ ಹೇಳುವ ಇನ್ನೊಂದು ಸ್ಥಿತಿ. ಕೊಟ್ರೇಶನನ್ನು ಅವನ ಓಣಿಯಲ್ಲಿ ನಿಂತು ಕೊಟ್ಟೂರೇಶ್ವರನೆಂದು ಕೂಗಿದರೆ ಅವನು ತಿರುಗಿ ನೋಡಲಾರನು.

ಮೈಲಾರದಲ್ಲಿ ಈ ವಿಚಾರವು ಇನ್ನೂ ಸೂಕ್ಷ್ಮವಾಗುತ್ತದೆ. ಹಡಗಲಿ ತಾಲ್ಲೂಕಿನ ಆ ಕ್ಷೇತ್ರದಲ್ಲಿ ಭರತಹುಣ್ಣಿಮೆಯ ಜಾತ್ರೆಯಲ್ಲಿ ವ್ರತಸ್ಥನಾದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ಸದ್ದಲೇ ಎಂದು ಜನಸಾಗರವನ್ನು ನಿಶ್ಶಬ್ದಗೊಳಿಸಿ, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಧುಮುಕುವನು. ಅದನ್ನು ಕಾರಣಿಕವೆನ್ನುವರು, ಕಾರ್ಣಿಕವೆನ್ನುವವರೇ ಹೆಚ್ಚು. ನಡೆಯುವ ತಾಣ ಡೆಂಕನಮರಡಿ. ಡೆಂಗನಮರಡಿ ಎಂಬುದೂ ಅಚ್ಚಿನಲ್ಲಿ ಕಾಣುವ ರೂಪವೇ. ಆ ವಾಕ್ಯವು ದೇವವಾಣಿ; ಆದುದರಿಂದ ಅದರ ಒಂದೊಂದು ಅಕ್ಷರಕ್ಕೂ ತೂಕವುಂಟು. ಗೊರವಯ್ಯನ ಬಾಯಿಂದ ಬಂದುದು ಏನು, ಅದು ಮಳೆಯನ್ನು ಕುರಿತದ್ದೋ ರಾಜಕಾರಣವನ್ನೋ ಎಂದು ಚರ್ಚೆ ಎಷ್ಟೋ ದಿನ ನಡೆಯುವುದು. ಆದರೆ ಅಲ್ಲಿ ಯಾರೂ ಗೊರವಯ್ಯನ ಉಚ್ಚಾರವನ್ನು ತಿದ್ದಲು ಹೋಗುವುದಿಲ್ಲ. ಅವನ ಗ್ರಾಮ್ಯವು ಗ್ರಾಮ್ಯವಾಗಿಯೇ ಪ್ರಮಾಣ. ಏಳುಕೋಟಿಯ ಘೋಷದಲ್ಲಿ ಬರುವ ಚಾಂಗಮಲೋ ಎಂಬ ಶಬ್ದದ ವ್ಯುತ್ಪತ್ತಿಯನ್ನು ಕೇಳಿ ತಿಳಿದು ಆಮೇಲೆ ಕೂಗುವೆನೆಂದು ಕುಳಿತ ಭಕ್ತನನ್ನು ನಾನಂತೂ ಕಂಡಿಲ್ಲ.

ಮಗುವು ಶಬ್ದಾರ್ಥವನ್ನು ಮೊದಲು ಕಲಿಯುವುದು ವೃದ್ಧವ್ಯವಹಾರದಿಂದ, ಎಂದರೆ ಹಿರಿಯರು ಆಡುವುದನ್ನೂ ಮಾಡುವುದನ್ನೂ ನೋಡಿ, ಎಂದು ನಮ್ಮ ತಾರ್ಕಿಕರು ಒಪ್ಪಿದ್ದಾರೆ. ಊರ ಹೆಸರಿನ ಮಟ್ಟಿಗೆ ಅದಕ್ಕಿಂತ ಮೇಲಾದ ಪ್ರಮಾಣವನ್ನು ನಾನು ಕಾಣೆ. ಆದರೆ ವೃದ್ಧರೆಂದರೆ ಯಾರು? ಪಂಡಿತನ ಮನೆಯ ಹಿರಿಯನು ಮಾತ್ರವೋ, ಕೇರಿಯ ಹಿರಿಯಳೂ ಸೇರಿಯೋ? ಉಚ್ಚಂಗಿಯ ಬೆಟ್ಟವನ್ನು ತಲೆಮಾರುಗಳಿಂದ ಹತ್ತಿ ಬಂದವಳು ಉಚ್ಚಂಗೆಮ್ಮ ಎನ್ನುವಾಗ, ಉತ್ಸವಾಂಬೆಯೆಂಬ ಹೆಸರು ಅವಳ ನುಡಿಗೆ ಒಡನಾಡಿಯಾಗಿ ಬರಬಹುದು, ಯಜಮಾನನಾಗಿ ಬರಲಾಗದು. ನಾಡಿನ ನುಡಿ ದಿಕ್ಕುದಿಕ್ಕಿಗೆ ಬೇರೆಯಾದುದರಿಂದ ಅದರ ದೋಷಗಳನ್ನು ಎಣಿಸಲು ಸಾವಿರ ನಾಲಗೆಯ ವಾಸುಕಿಗೂ ಅಳವಲ್ಲವೆಂಬ ಅಭಿಪ್ರಾಯವನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಕಾಣುತ್ತೇವೆ. ವಾಸುಕಿ ಕೈಬಿಟ್ಟ ಕೆಲಸವನ್ನು ನಮ್ಮ ತಾಲ್ಲೂಕು ಕಚೇರಿಗಳೂ ಶಾಲೆಗಳೂ ಕೈಗೆತ್ತಿಕೊಳ್ಳಬೇಕಾಗಿಲ್ಲ. ಫಲಕ ಬರೆಸುವವರು ಆ ಊರಿನ ನಾಲ್ಕು ಜನ ಹಿರಿಯರ ಬಾಯಲ್ಲಿ ಹೆಸರನ್ನು ಕೇಳಿಕೊಂಡು ಬರೆಸಲಿ. ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ಅಡಗ್ಲಿ ಎಂದ ಹುಡುಗನಿಗೆ ಹಕಾರವನ್ನು ಬರೆಯಲು ಅವಶ್ಯವಾಗಿ ಕಲಿಸಿರಿ, ತರಗತಿಯೆದುರು ಅವನನ್ನು ನಿಲ್ಲಿಸಿ ನಗಿಸಬೇಡಿರಿ.