ಎಂಟು ಒಂದುಗಳು: ಗುಣ ಸಂಖ್ಯೆಯದೋ, ಬರವಣಿಗೆಯದೋ?

11111111, ಅಂದರೆ ಒಂದು ಕೋಟಿ ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ ಈ ಸಂಖ್ಯೆ ಬರುತ್ತದೆ. 152207 ಅನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಇಂತಹ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. ಈ ಚೆಲುವು ಸಂಖ್ಯೆಯ ಸ್ವಭಾವವೋ, ಅದನ್ನು ಬರೆಯುವ ಕ್ರಮದ ಫಲವೋ ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಮೊದಲು ಅಪವರ್ತನಗಳನ್ನು ನೋಡಬಹುದು. 11111111 = 11 × 73 × 101 × 137. ಈ ನಾಲ್ಕೂ ಅವಿಭಾಜ್ಯ ಸಂಖ್ಯೆಗಳು. ಅಷ್ಟೇ ಕಾಳುಗಳನ್ನು ಹರವಿ 73 ಸಮಸಾಲುಗಳಲ್ಲಿ ಜೋಡಿಸಿದರೆ ಒಂದೂ ಉಳಿಯದು. ಅಂಕಿಗಳನ್ನೇ ಅರಿಯದವನು ಜೋಡಿಸಿದರೂ ಅಷ್ಟೇ. ಆದ್ದರಿಂದ ಇದು ಸಂಖ್ಯೆಯ ಸ್ವಂತ ಗುಣ.

ಹಿಂದುಮುಂದಾಗಿ ಓದಿದರೂ ಬದಲಾಗದ ಗುಣ ಹಾಗಲ್ಲ. ಇದೇ ಮೊತ್ತವನ್ನು ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ 101010011000101011000111 ಎಂದಾಗುತ್ತದೆ. ಹಾರ ಕಳಚಿತು, ಮೊತ್ತ ಮಾತ್ರ ಕದಲಲಿಲ್ಲ. ಹಾರ ಕಟ್ಟಿದ್ದು ದಶಮಾನ ಪದ್ಧತಿ.

ಹಾಗೆಂದು ಬರವಣಿಗೆಯನ್ನು ಬರಿಯ ಅಲಂಕಾರವೆಂದು ತಳ್ಳಿಹಾಕಲಾಗದು. ಎಂಟು ಒಂದುಗಳ ಸಾಲು ಯಾವ ಮಾನದಲ್ಲಿದ್ದರೂ 11, 101, 10001 ಎಂದು ಅದೇ ಮಾನದಲ್ಲಿ ಬರೆಯುವ ಮೂರು ಸಂಖ್ಯೆಗಳ ಗುಣಲಬ್ಧವೇ. ದ್ವಿಮಾನದಲ್ಲಿ ಆ ಸಾಲಿನ ಬೆಲೆ 255, ಅಂದರೆ 3 × 5 × 17. ಹೀಗೆ ಅಂಕಿಗಳ ವಿನ್ಯಾಸವೊಂದೇ ಆ ಸಂಖ್ಯೆ ಅವಿಭಾಜ್ಯವಲ್ಲವೆಂದು ಸಾಧಿಸಿಕೊಡುತ್ತದೆ. ಆದರೆ ದಶಮಾನದ 10001 ಮತ್ತೆ 73 ಮತ್ತು 137 ಆಗಿ ಒಡೆಯುತ್ತದೆ. ದ್ವಿಮಾನದ 10001, ಅಂದರೆ 17, ಒಡೆಯುವುದಿಲ್ಲ. ವಿನ್ಯಾಸ ಹೇಳುವುದಕ್ಕೂ ಒಂದು ಮಿತಿಯುಂಟು.

ಸಂಖ್ಯೆಯು ಅಳತೆಯಾದಾಗ ಇನ್ನೊಂದು ಪದರ ಸೇರುತ್ತದೆ. 2023ರ ಮಾರ್ಚ್ 12ರಂದು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ ಲೋಕಾರ್ಪಣೆಗೊಂಡ, ಜಗತ್ತಿನಲ್ಲೇ ಅತಿ ಉದ್ದವೆಂದು ದಾಖಲಾದ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. 1507 = 11 × 137. ಅದನ್ನು 101ರಿಂದ ಗುಣಿಸಿದರೆ ಮಹಾವೀರಾಚಾರ್ಯನ 152207, 7373ರಿಂದ ಗುಣಿಸಿದರೆ 11111111. ಇದರಲ್ಲಿ ಸಂಕೇತ ಹುಡುಕುವುದು ಸುಲಭ. ಆದರೆ ಅದೇ ಉದ್ದ ಅಡಿಗಳಲ್ಲಿ ಸುಮಾರು 4944. ಈ ಸಮಸಂಖ್ಯೆ ಬೆಸಸಂಖ್ಯೆಯಾದ 11111111 ಅನ್ನು ಭಾಗಿಸಲಾರದು. 1507ರ ಅಪವರ್ತನಗಳು 1507ರವೇ, ಪ್ಲಾಟ್‌ಫಾರ್ಮಿನವಲ್ಲ. ಕಾಂಕ್ರೀಟಿಗೂ ಆ ಸಂಖ್ಯೆಗೂ ನಂಟು ಬೆಸೆದದ್ದು ಮೀಟರ್ ಎಂಬ ಒಪ್ಪಂದ.

ಆದ್ದರಿಂದ ದೊಡ್ಡ ಸಂಖ್ಯೆಯೊಂದರ ವಿಶೇಷ ಕಂಡಾಗ ಅದನ್ನು ಎರಡು ಬಗೆಯಲ್ಲಿ ಪರೀಕ್ಷಿಸಬೇಕು. ಮಾನ ಬದಲಿಸಿದರೂ ಉಳಿಯುವುದು ಸಂಖ್ಯೆಯ ಗುಣ. ಅಳತೆಯ ಘಟಕ ಬದಲಿಸಿದರೂ ಉಳಿಯುವುದು ವಸ್ತುವಿನ ಗುಣ. ಉಳಿಯದವು ಸುಳ್ಳೇನಲ್ಲ. ಅವು ಮನುಷ್ಯ ಆರಿಸಿಕೊಂಡ ಪದ್ಧತಿಯ ಬಗೆಗಿನ ಸತ್ಯಗಳು.