ಎಲ್ಲವೂ ಆಗಲಾಗದ ಭಾಗ್ಯ

2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದಲ್ಲಿ ಒಂದು ಲೆಕ್ಕವಿತ್ತು. ಅಲ್ಲಿ ಪ್ರತಿಯೊಬ್ಬರೂ ಒಂದು ಪಾತ್ರವನ್ನು ಬೆಳೆಸುತ್ತಾರೆ. 10ನೇ ಲೆವೆಲ್ ಮುಟ್ಟಿದಂದಿನಿಂದ ಲೆವೆಲ್‌ಗೊಂದರಂತೆ ಟ್ಯಾಲೆಂಟ್ ಪಾಯಿಂಟ್ ಸಿಗುತ್ತಿತ್ತು. ಆಗಿನ ಕೊನೆಯ ಲೆವೆಲ್ 60. ಅಲ್ಲಿಗೆ ಬರುವಷ್ಟರಲ್ಲಿ ಕೈಯಲ್ಲಿರುತ್ತಿದ್ದುದು ಒಟ್ಟು 51 ಪಾಯಿಂಟ್. ಪಾತ್ರದ ಮುಂದೆ ಪರಿಣತಿಯ ಮೂರು ಕವಲುಗಳು. ಒಂದು ಕವಲಿನ ತುದಿಯ ವಿದ್ಯೆ ಒಲಿಯಬೇಕಾದರೆ ಅದೊಂದಕ್ಕೇ 31 ಪಾಯಿಂಟ್ ಸುರಿಯಬೇಕಿತ್ತು. ಎರಡು ತುದಿಗೆ 62 ಬೇಕಿತ್ತು, ಇದ್ದುದು 51. ಎಷ್ಟೇ ಹೊತ್ತು ಆಡಿದರೂ, ಎಷ್ಟೇ ಜಾಣರಾದರೂ, ಒಬ್ಬರೇ ಎರಡು ತುದಿ ಮುಟ್ಟುವಂತಿರಲಿಲ್ಲ. ಈ ಕೊರತೆಯೇ ಆ ಆಟದ ದೊಡ್ಡ ಗುಣ ಎಂಬುದು ನನ್ನ ನಂಬಿಕೆ.

ಪ್ರೀಸ್ಟ್ ಎಂಬ ಪಾತ್ರವನ್ನೇ ನೋಡಿ. ಶ್ಯಾಡೋ ಕವಲು ಹಿಡಿದ ಪ್ರೀಸ್ಟ್ ಮಂತ್ರಬಲದಿಂದ ಶತ್ರುವನ್ನು ಕಾಡುತ್ತಾ ಒಬ್ಬಂಟಿಯಾಗಿ ಊರೂರು ಸುತ್ತಬಹುದು. ಹೋಲಿ ಕವಲು ಹಿಡಿದರೆ ಗಾಯ ಮಾಯಿಸುವುದರಲ್ಲಿ ನಿಸ್ಸೀಮ. ಆದರೆ ಒಬ್ಬರೇ ಹೊರಟಾಗ ಒಂದು ಸಾಧಾರಣ ಮೃಗವನ್ನು ಕೆಡವುವುದಕ್ಕೂ ಬಹಳ ಹೊತ್ತು ಬೇಕು. ಇತರರಿಗೆ ಒದಗುವ ವಿದ್ಯೆಯನ್ನು ಆರಿಸಿಕೊಂಡವರ ಒಂಟಿ ದಾರಿ ನಿಧಾನ. ಆ ನಿಧಾನವನ್ನು ಒಪ್ಪಿಕೊಂಡೇ ಸಾವಿರಾರು ಜನ ಹೀಲರ್, ಅಂದರೆ ಗಾಯ ಮಾಯಿಸುವವರು, ಆದರು.

ಅವರ ಬೆಲೆ ಗೊತ್ತಾಗುವುದು ಐವರು ಸೇರಿ ಡಂಜನ್ ಎಂಬ ರಾಕ್ಷಸರ ತಾಣ ಹೊಕ್ಕಾಗ. ಮುಂದೆ ನಿಂತು ಪೆಟ್ಟು ತಡೆಯುವವರು ಟ್ಯಾಂಕ್. ಹೊಡೆಯುವವರು ಮೂವರು. ಗಾಯ ಮಾಯಿಸುವವರು ಒಬ್ಬರೇ. ಹೊಡೆಯುವವರ ಕಣ್ಣೆಲ್ಲ ರಾಕ್ಷಸನ ಮೇಲೆ. ಹೀಲರ್ ಕಣ್ಣು ಮಾತ್ರ ಪರದೆಯ ಮೇಲಿನ ಐದು ಪಟ್ಟಿಗಳಲ್ಲಿ ನೆಟ್ಟಿರುತ್ತದೆ. ಯಾರ ಜೀವ ಎಷ್ಟು ಉಳಿದಿದೆ ಎಂದು ತೋರಿಸುವ ಪಟ್ಟಿಗಳು ಅವು. ದೊಡ್ಡ ಮಂತ್ರವೊಂದು ಫಲಿಸಲು ಎರಡು ಮೂರು ಸೆಕೆಂಡ್ ಹಿಡಿಯುತ್ತದೆ. ಪೆಟ್ಟು ಬಿದ್ದ ಮೇಲೆ ಶುರುಮಾಡಿದರೆ ತಡವಾಯಿತು. ಬೀಳುವ ಮೊದಲೇ ಊಹಿಸಬೇಕು. ಮಾನಾ ಎಂಬ ಮಂತ್ರಶಕ್ತಿಯೂ ಅಳತೆಯದ್ದು. ಗಾಬರಿಯಲ್ಲಿ ಎಲ್ಲರಿಗೂ ಸುರಿದರೆ ಕೊನೆಯ ಗಳಿಗೆಗೆ ಬರಿಗೈ. ಹೊಡೆಯುವ ಮೂವರಲ್ಲಿ ಒಬ್ಬರು ಅವಸರಪಟ್ಟು ವಿಪರೀತ ಹೊಡೆದರೋ, ರಾಕ್ಷಸ ಟ್ಯಾಂಕನ್ನು ಬಿಟ್ಟು ಅವರ ಮೇಲೆ ತಿರುಗಿಬೀಳುತ್ತಾನೆ. ಆಗ ಉಳಿಸಬೇಕಾದದ್ದು ಅವರನ್ನೋ ಟ್ಯಾಂಕನ್ನೋ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ಯಾರು ಎಷ್ಟು ಹೊಡೆದರು ಎಂದು ಎಣಿಸಿ ತೋರಿಸುವ ಮೀಟರ್‌ಗಳಿವೆ. ಈ ತೀರ್ಮಾನದ ತೂಕ ಯಾವ ಮೀಟರಿಗೂ ಸಿಗುವುದಿಲ್ಲ. ಆದರೆ ಜತೆಗಿದ್ದ ನಾಲ್ವರಿಗೆ ಅದು ಗೊತ್ತಿರುತ್ತದೆ. ಮರುದಿನ ಅವರು ಮೊದಲು ಹುಡುಕುವುದು ಆ ಹೀಲರನ್ನೇ.

ಹಾಗೆಂದು ಆಯ್ಕೆಗೆ ಬರೀ ಇಷ್ಟ ಸಾಲದು, ಹೋಗುವ ಜಾಗದ ಗುಣವನ್ನೂ ನೋಡಬೇಕು. ಬೆಂಕಿಯ ಮಂತ್ರಗಳಿಗೆ ಮನಸೋತು ಫೈರ್ ಕವಲಿಗೆ ಎಲ್ಲವನ್ನೂ ಸುರಿದ ಮೇಜ್ ಎಂಬ ಮಂತ್ರವಾದಿಗಳು ಮೊಲ್ಟನ್ ಕೋರ್ ಎಂಬ, 40 ಜನ ಸೇರಿ ನಡೆಸುವ ದಾಳಿಗೆ ಹೋದಾಗ ಕೈಕೈ ಹಿಸುಕಿಕೊಳ್ಳಬೇಕಾಯಿತು. ಅಲ್ಲಿ ಬಹುಪಾಲು ಬೆಂಕಿ, ಲಾವಾಗಳ ಜೀವಿಗಳೇ. ಅವುಗಳ ಒಡೆಯ ರಾಗ್ನರಾಸ್ ಬೆಂಕಿಗೇ ಅಧಿಪತಿ. ಬೆಂಕಿಗೆ ಬೆಂಕಿ ತಟ್ಟೀತೇ? ಮೇಜ್‌ಗಳು ಫ್ರಾಸ್ಟ್ ಕವಲಿಗೆ, ಹಿಮದ ವಿದ್ಯೆಗೆ, ಹೊರಳಿದರು. ಪ್ರೀತಿಯ ವಿದ್ಯೆಯನ್ನು ಬದಿಗಿಟ್ಟು ಗುಂಪಿಗೆ ಬೇಕಾದದ್ದನ್ನು ಕಲಿತ ಅವರ ಮೇಲೆ ನನಗೆ ಗೌರವವಿದೆ.

ಹೊರಳುವುದು ಆಗ ಪುಕ್ಕಟೆಯಾಗಿರಲಿಲ್ಲ. ಆಟದ ನಾಣ್ಯದಲ್ಲಿ ಮೊದಲ ಸಲಕ್ಕೆ 1 ಗೋಲ್ಡ್, ಎರಡನೆಯದಕ್ಕೆ 5, ಆಮೇಲೆ ಐದೈದು ಏರುತ್ತಾ 50ರವರೆಗೆ. 2009ರಲ್ಲಿ 1000 ಗೋಲ್ಡ್ ತೆತ್ತವರಿಗೆ ಎರಡು ಪರಿಣತಿ ಇಟ್ಟುಕೊಳ್ಳುವ ಅವಕಾಶ ಸಿಕ್ಕಿತು. ಇಂದು ಕಾದಾಟದ ಹೊರಗೆ ಯಾವ ಕವಲಿಗೆ ಬೇಕಾದರೂ ಖರ್ಚಿಲ್ಲದೆ ಹೋಗಬಹುದು. ಒಳ್ಳೆಯದೇ ಆಯಿತು. ಎಳೆಯ ಬುದ್ಧಿಯಲ್ಲಿ ತೆಗೆದುಕೊಂಡ ತೀರ್ಮಾನಕ್ಕೆ ಯಾರೂ ಕೊನೆತನಕ ದಂಡ ಕಟ್ಟಬೇಕಾಗಿಲ್ಲ. ಆದರೆ ಕೈ ಪಳಗುವುದಕ್ಕೆ ಮಾತ್ರ ರಿಯಾಯಿತಿ ಬಂದಿಲ್ಲ. ಬಟನ್ ಒತ್ತಿ ಯಾರು ಬೇಕಾದರೂ ಹೀಲರ್ ಆಗಬಹುದು. ಆ ಐದು ಪಟ್ಟಿಗಳನ್ನು ಓದುವ ಕಣ್ಣು ಬರುವುದು ಮತ್ತೆ ಮತ್ತೆ ಸೋತ ಮೇಲೆಯೇ.

ಹೊಡೆಯುವ ಕೆಲಸಕ್ಕೆ ಆ ಆಟದಲ್ಲಿ ಯಾವಾಗಲೂ ಜನ ಹೆಚ್ಚು. ಗುಂಪು ಕೂಡಿಸಿಕೊಡುವ ವ್ಯವಸ್ಥೆ ಬಂದ ಮೇಲೆ ಅವರು ಸರದಿಯಲ್ಲಿ ಕಾದು ಸುಸ್ತಾಗುತ್ತಿದ್ದರು. ಟ್ಯಾಂಕ್ ಆಗಿ ಬಂದವರಿಗೆ ತಕ್ಷಣ ಜಾಗ. ಯಾವ ಪಾತ್ರಕ್ಕೆ ಜನ ಕಡಿಮೆಯೋ ಅದನ್ನು ವಹಿಸಿಕೊಂಡವರಿಗೆ 2011ರಿಂದ ಉಡುಗೊರೆಯ ಚೀಲವೊಂದು ಸಿಗತೊಡಗಿತು. ಉಡುಗೊರೆ ಒಬ್ಬರನ್ನು ಆ ಜಾಗಕ್ಕೆ ಕರೆತಂದೀತು. ಅಲ್ಲಿ ಗಟ್ಟಿಯಾಗಿ ನಿಲ್ಲಿಸುವುದು ಆ ಕೆಲಸದ ಮೇಲಿನ ಅಕ್ಕರೆ.

ಆಟದ ಹೊರಗಾದರೋ, ಅದನ್ನೂ ಕಲಿ, ಇದನ್ನೂ ಕಲಿ, ಯಾರ ಹಂಗೂ ಇಲ್ಲದಂತೆ ಬಾಳು ಎಂದು ನಾವು ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ. ಯಾರ ಹಂಗೂ ಇಲ್ಲದವರಿಗೆ ಯಾರ ಜತೆಯೂ ಬೇಕೆನಿಸುವುದಿಲ್ಲ ಎಂಬುದನ್ನು ಹೇಳಲು ಮರೆಯುತ್ತೇವೆ. ನನಗೆ ಬಾರದ್ದು ನಿನಗೆ ಬರುತ್ತದೆ ಎಂದು ಒಪ್ಪಿಕೊಂಡಲ್ಲಿಂದಲೇ ನಂಬಿಕೆ ಶುರುವಾಗುತ್ತದೆ. ಟ್ಯಾಂಕ್ ಹಿಂದೆ ತಿರುಗಿಯೂ ನೋಡದೆ ನುಗ್ಗುವುದು ಬೆನ್ನಿಗೆ ಹೀಲರ್ ಇದ್ದಾರೆಂಬ ಧೈರ್ಯದಿಂದ. ಮನೆಯಲ್ಲಿ, ಕಚೇರಿಯಲ್ಲಿ, ಊರಿನಲ್ಲಿ ನಡೆಯುವ ಎಷ್ಟೋ ದೊಡ್ಡ ಕೆಲಸಗಳ ಹಿಂದೆ ಇಂಥದೇ ಧೈರ್ಯವಿದೆ.

ಆಟದಲ್ಲೋ ಬದುಕಿನಲ್ಲೋ ಕವಲಿನ ಮುಂದೆ ನಿಂತವರು ಎರಡು ಪ್ರಶ್ನೆ ಕೇಳಿಕೊಳ್ಳಲಿ. ಯಾರೂ ಹೊಗಳದ ದಿನವೂ ಈ ಕೆಲಸವನ್ನು ಮನಸಾರೆ ಮಾಡಬಲ್ಲೆನೇ? ಇದರಿಂದ ಯಾರ ಹೊರೆ ಹಗುರವಾಗುತ್ತದೆ? ಎರಡಕ್ಕೂ ಉತ್ತರ ಸಿಕ್ಕಿದರೆ, ಬಿಟ್ಟುಬಂದ ಕವಲುಗಳಿಗಾಗಿ ಮರುಗಬೇಕಾಗಿಲ್ಲ. ಅವುಗಳ ತುದಿ ಮುಟ್ಟಿದವರು ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗೂ ನಾವು ಬೇಕು.